ಕಿಡ್ನಿಯಲ್ಲಿ ಕಂಡ ನೀರೆಲ್ಲ ಮೂತ್ರವಲ್ಲ

ಮಾನ್ಯ ಸಂಪಾದಕರೇ,

‘ಕಿಡ್ನಿಯಲ್ಲಿ ನೀರು ತುಂಬಿದೆ’ ಎಂಬ ಸ್ಕ್ಯಾನಿಂಗ್ ವರದಿ ಬಂದವರಲ್ಲಿ ಬಹುತೇಕರಿಗೆ ಕಲ್ಲಿನಿಂದಲೋ ಬೇರಾವುದೋ ಅಡಚಣೆಯಿಂದಲೋ ಮೂತ್ರ ಕಟ್ಟಿಕೊಂಡಿರುತ್ತದೆ. ರೇಡಿಯಾಲಜಿ ವೈದ್ಯನಾದ ನಾನು ಯುವತಿಯೊಬ್ಬರಿಗೂ ಹಾಗೆಯೇ ವರದಿ ಬರೆದುಕೊಟ್ಟಿದ್ದೆ. ಕಟ್ಟಿಕೊಂಡ ಮೂತ್ರ ಹೊರತೆಗೆಯಲು ಬೆನ್ನಿನ ಮೂಲಕ ಕೊಳವೆ ಹಾಕಲು ದಿನ ಗೊತ್ತಾದ ಮೇಲೆ ಮಾಡಿದ ಸಿ.ಟಿ. ಸ್ಕ್ಯಾನ್‌ನಲ್ಲಿ, ಅದು ಮೂತ್ರವಲ್ಲ, ದುಗ್ಧರಸ (ಲಿಂಫ್, ಅಂದರೆ ದೇಹದ ಭಾಗಗಳಿಂದ ಬಸಿದು ತನ್ನದೇ ನಾಳಗಳ ಮೂಲಕ ರಕ್ತಕ್ಕೆ ಮರಳುವ ದ್ರವ) ಎಂಬುದು ತಿಳಿಯಿತು. ಆ ತಪ್ಪು ಇನ್ನೊಬ್ಬರ ವಿಷಯದಲ್ಲಿ ಆಗಬಾರದೆಂದು ಈ ಪತ್ರ.

ಈ ಅಪರೂಪದ ಕಾಯಿಲೆಗೆ ರೀನಲ್ ಲಿಂಫಾಂಜಿಯೆಕ್ಟೇಸಿಯಾ ಎನ್ನುತ್ತಾರೆ. ಕಿಡ್ನಿಯೊಳಗಿನ ದುಗ್ಧನಾಳಗಳು ಹೊರಗಿನ ದೊಡ್ಡ ನಾಳಗಳೊಂದಿಗೆ ಸರಿಯಾಗಿ ಕೂಡಿಕೊಳ್ಳದೆ ಹೋದಾಗ, ರಸ ಹರಿಯಲು ದಾರಿಯಿಲ್ಲದೆ ನಾಳಗಳೇ ಹಿಗ್ಗಿ, ಕಿಡ್ನಿಯ ನಡುವೆಯೂ ಸುತ್ತಲೂ ನೀರುಗುಳ್ಳೆಗಳಂತೆ ಕಾಣಿಸಿಕೊಳ್ಳುತ್ತವೆ. ಇದು ಕ್ಯಾನ್ಸರ್ ಅಲ್ಲ. ಮಕ್ಕಳಲ್ಲೂ ದೊಡ್ಡವರಲ್ಲೂ, ಒಂದು ಕಿಡ್ನಿಯಲ್ಲಿ ಅಥವಾ ಎರಡರಲ್ಲೂ ಬರಬಹುದು. ಕೆಲವರಿಗೆ ಯಾವ ತೊಂದರೆಯೂ ಇರುವುದಿಲ್ಲ. ಕೆಲವರಿಗೆ ಪಕ್ಕೆನೋವು, ಮೂತ್ರದಲ್ಲಿ ರಕ್ತ ಅಥವಾ ಪ್ರೋಟೀನ್, ಹೊಟ್ಟೆಯಲ್ಲಿ ನೀರು ಕಾಣಿಸಬಹುದು. ಶೇಖರವಾದ ರಸ ಕಿಡ್ನಿಯನ್ನು ಒತ್ತುವುದರಿಂದ ರಕ್ತದೊತ್ತಡ ಏರುವುದೂ ಉಂಟು.

ಅಲ್ಟ್ರಾಸೌಂಡ್ ಒಂದರಿಂದಲೇ ಇದನ್ನು ಗುರುತಿಸುವುದು ಕಷ್ಟ, ಏಕೆಂದರೆ ಮೂತ್ರ ತುಂಬಿ ಹಿಗ್ಗಿದ ಕಿಡ್ನಿಯೂ, ವಂಶಪಾರಂಪರ್ಯವಾಗಿ ಬರುವ, ತುಂಬ ನೀರುಗುಳ್ಳೆಗಳಿರುವ ಪಾಲಿಸಿಸ್ಟಿಕ್ ಕಿಡ್ನಿಯೂ ಅದರಲ್ಲಿ ಹೆಚ್ಚುಕಡಿಮೆ ಇದರಂತೆಯೇ ತೋರಬಹುದು. ಸಿ.ಟಿ.ಯಲ್ಲಿ ಚಿತ್ರ ಸ್ಪಷ್ಟವಾಗಿ ಕಾಣಲೆಂದು ಕೊಡುವ ಔಷಧಿ ಚುಚ್ಚಿದ ಕೂಡಲೇ ಚಿತ್ರ ತೆಗೆದು ಮುಗಿಸದೆ, ಆ ಔಷಧಿ ಮೂತ್ರಕ್ಕೆ ಇಳಿಯುವವರೆಗೆ ಕೆಲವು ನಿಮಿಷ ಕಾದು ಮತ್ತೊಮ್ಮೆ ತೆಗೆದರೆ, ಮೂತ್ರ ಸಾಗುವ ಜಾಗ ಬೆಳ್ಳಗೆ ಹೊಳೆಯುತ್ತದೆ, ಸುತ್ತಲಿನ ಗುಳ್ಳೆಗಳಿಗೆ ಔಷಧಿ ಸೇರುವುದೇ ಇಲ್ಲ. ನಾನು ಎಡವಿದ್ದನ್ನು ತಿದ್ದಿದ್ದು ಈ ಕೊನೆಯ ಚಿತ್ರಗಳೇ. ಇನ್ನೂ ಸಂಶಯವಿದ್ದರೆ ಸೂಜಿಯಿಂದ ಸ್ವಲ್ಪ ದ್ರವ ತೆಗೆದು ಪರೀಕ್ಷಿಸಬಹುದು: ಅದರಲ್ಲಿ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳು ಹೆಚ್ಚಿದ್ದು, ಕ್ರಿಯಾಟಿನಿನ್ (ಕಿಡ್ನಿ ಮೂತ್ರದಲ್ಲಿ ಹೊರಹಾಕುವ ತ್ಯಾಜ್ಯ) ರಕ್ತದಲ್ಲಿರುವಷ್ಟೇ ಇದ್ದರೆ ಅದು ಮೂತ್ರವಲ್ಲ.

ತೊಂದರೆಯಿಲ್ಲದವರಿಗೆ ಶಸ್ತ್ರಚಿಕಿತ್ಸೆ ಬೇಡ. ರಕ್ತದೊತ್ತಡ, ಕ್ರಿಯಾಟಿನಿನ್ ನೋಡಿಕೊಳ್ಳುತ್ತ ಆಗಾಗ ಸ್ಕ್ಯಾನಿಂಗ್ ಮಾಡಿಸಿದರೆ ಸಾಕು. ಒತ್ತಡ ಏರಿದ್ದರೆ ಮಾತ್ರೆ, ಗುಳ್ಳೆ ದೊಡ್ಡದಾಗಿ ನೋವು ಕೊಟ್ಟರೆ ದ್ರವ ಬಸಿದು ತೆಗೆಯುವುದು. ಬಸಿದ ಮೇಲೂ ಅದು ಮತ್ತೆ ತುಂಬಿಕೊಳ್ಳಬಹುದು ಎಂಬುದನ್ನು ರೋಗಿಗೆ ಮೊದಲೇ ತಿಳಿಸಬೇಕು. ತಪ್ಪು ತಿಳಿವಳಿಕೆಯಿಂದ ಕಿಡ್ನಿಯನ್ನೇ ತೆಗೆದುಹಾಕುವುದು ನನ್ನ ದೃಷ್ಟಿಯಲ್ಲಿ ದೊಡ್ಡ ಅನ್ಯಾಯ.

ಬಸಿರಿನಲ್ಲಿ ಈ ದ್ರವ ಹೆಚ್ಚುವುದುಂಟು, ರಕ್ತದೊತ್ತಡವೂ ಕೆಡಬಹುದು. ಆದ್ದರಿಂದ ಈ ಕಾಯಿಲೆ ಇರುವ ಹೆಣ್ಣುಮಕ್ಕಳು ತಾಯ್ತನದ ಯೋಚನೆ ಮಾಡುವಾಗಲೇ ಹೆರಿಗೆ ವೈದ್ಯರಿಗೆ ತಿಳಿಸಿ, ಹಳೆಯ ವರದಿಗಳ ಜೊತೆಗೆ ಸಿ.ಟಿ. ಚಿತ್ರಗಳನ್ನೂ ತಪ್ಪದೆ ತೋರಿಸಬೇಕೆಂದು ಕೋರುತ್ತೇನೆ.

– ಜಿಲ್ಲಾ ಕೇಂದ್ರವೊಂದರ ರೇಡಿಯಾಲಜಿ ವೈದ್ಯ