ಹಳೆಯ ಕೈಬರಹ ಓದಲು ಮೊದಲ ವರ್ಷವೇ ಕಲಿಸಿ

ಮಾನ್ಯರೇ,

ದೊಡ್ಡ ಸಾರ್ವಜನಿಕ ವಿಶ್ವವಿದ್ಯಾಲಯಗಳಲ್ಲಿ ಇತಿಹಾಸದ ಸಂಶೋಧನೆಗೆ ಸೇರಿದವರು ಹೆಚ್ಚಾಗಿ ಎಡವುವುದು ಪತ್ರಾಗಾರದಲ್ಲಿ. ಹಾಳೆಗಳ ಫೋಟೊ ತೆಗೆಯುತ್ತಾರೆ, ಕಡತದ ಸಂಖ್ಯೆ ಬರೆದುಕೊಳ್ಳುವುದಿಲ್ಲ. ಎರಡು ವರ್ಷ ಕಳೆದು ಅಡಿಟಿಪ್ಪಣಿ ಬರೆಯಲು ಕೂತಾಗ ಆ ಸಾವಿರಾರು ಚಿತ್ರಗಳು ಉಪಯೋಗಕ್ಕೆ ಬಾರವು. ಪ್ರತಿ ಕಡತದ ಮೊದಲ ಚಿತ್ರ ಹೊರರಟ್ಟಿನದೇ ಆಗಿರಬೇಕು. ಹಾಳೆಯ ಹಿಂಬದಿಯನ್ನೂ ತೆಗೆಯಬೇಕು; ಅಧಿಕಾರಿಯ ಷರಾ ಎಷ್ಟೋ ಸಲ ಅಲ್ಲೇ ಇರುತ್ತದೆ.

ಇದಕ್ಕಿಂತ ದೊಡ್ಡ ತೊಡಕು ಲಿಪಿಯದು. ಹಳೆಯ ಕೈಬರಹ ಓದಲು ಬಾರದವರು ಅಚ್ಚಾದ ವರದಿಗಳಿಗೇ ಜೋತುಬೀಳುತ್ತಾರೆ. ಆಗ ಸರ್ಕಾರ ಹೇಳಿದ್ದೇ ಇತಿಹಾಸವಾಗಿಬಿಡುತ್ತದೆ. 19ನೇ ಶತಮಾನದಲ್ಲೇ ಬರ್ಲಿನ್ನಿನಲ್ಲಿ ಜರ್ಮನ್ ಇತಿಹಾಸಕಾರ ರಾಂಕೆ ಮೂಲ ದಾಖಲೆಗಳನ್ನು ಮುಂದಿಟ್ಟುಕೊಂಡೇ ವಿದ್ಯಾರ್ಥಿಗಳಿಗೆ ಕಲಿಸುತ್ತಿದ್ದ. ಸ್ನಾತಕೋತ್ತರ ಮೊದಲ ವರ್ಷದಲ್ಲೇ ವಾರಕ್ಕೆ ಎರಡು ತಾಸು ಲಿಪಿ ಓದಿಸಲಿ.

– ಇತಿಹಾಸ ಅಧ್ಯಾಪಕರು