ಹದಿಮೂರು ಲಾಕು, ಹನ್ನೆರಡು ಕೈ

ಬಳಗದ ಆತ್ಮೀಯರೇ, ನಮಸ್ಕಾರ.

ಯುಗಾದಿ ಕಾರ್ಯಕ್ರಮದ ವಿವರವೆಲ್ಲ ಒಳಪುಟಗಳಲ್ಲಿದೆ. ಈ ಪುಟವನ್ನು ನಾನು ಒಂದು ಕೋರಿಕೆಗೆ ಇಟ್ಟುಕೊಂಡಿದ್ದೇನೆ. ಅದಕ್ಕೆ ಮುಂಚೆ ಕಳೆದ ಸೆಪ್ಟೆಂಬರ್‌ನ ಕಥೆ ಹೇಳಬೇಕು.

ಹೋದ ವರ್ಷ ನಮ್ಮವರಿಗೆ ಅರವತ್ತು ತುಂಬಿತು. ಊರಲ್ಲಿ ಅಣ್ಣತಮ್ಮಂದಿರೆಲ್ಲ ಸೇರಿ ಶಾಂತಿ ಮಾಡಿಸಿದರು. ವಾಪಸ್ ಬಂದ ಮೇಲೆ ಇವರಿಗೆ ಒಂದೇ ಆಸೆ. ಬರ್ಮಿಂಗ್‌ಹ್ಯಾಮ್‌ಗೆ ಬಂದು 24 ವರ್ಷ ಆಯ್ತು, ಕಾಲುವೆ ದಂಡೆಯಲ್ಲಿ ನಡೆದುಕೊಂಡೇ ಆಫೀಸಿಗೆ ಹೋಗಿ ಬಂದೆ, ಒಂದು ಸಲ ಆ ನೀರಿನ ಮೇಲೆ ಕೂತು ಈ ಊರು ದಾಟಬೇಕು ಅಂತ. ಸರಿ, ಊರಾಚೆ ಒಂದು ವಾರಕ್ಕೆ ನ್ಯಾರೋಬೋಟ್ ಬಾಡಿಗೆಗೆ ತಗೊಂಡೆವು. 57 ಅಡಿ ಉದ್ದ. ಅಗಲ ಮಾತ್ರ 6 ಅಡಿ 10 ಇಂಚು. ಒಳಗೆ ಅಡುಗೆಮನೆ, ಮಂಚ, ಸ್ನಾನದ ಮನೆ ಎಲ್ಲ ರೈಲಿನ ಬೋಗಿಯ ಹಾಗೆ ಒಂದರ ಹಿಂದೆ ಒಂದು.

ಮೊದಲ ದಿನ ಸುಖವಾಗಿತ್ತು. ವುಸ್ಟರ್ ಕಾಲುವೆಯಲ್ಲಿ ಟಾರ್ಡ್‌ಬಿಗ್ ದಾಟಿದ ಮೇಲೆ ಬರ್ಮಿಂಗ್‌ಹ್ಯಾಮ್ ನಡುಭಾಗದವರೆಗೆ ಒಂದೂ ಲಾಕ್ ಇಲ್ಲ, ಅಂದರೆ ದೋಣಿ ಏರಿಸಿ ಇಳಿಸುವ ಗೇಟಿನ ತೊಟ್ಟಿಗಳಿಲ್ಲ. ನಡುವೆ ವಾಸ್ಟ್ ಹಿಲ್ಸ್ ಸುರಂಗ. ಸುಮಾರು ಎರಡೂವರೆ ಕಿಲೋಮೀಟರ್ ಕತ್ತಲೆ, ತಲೆ ಮೇಲೆ ತೊಟ್ಟಿಕ್ಕುವ ನೀರು. ಸಂಜೆ ಗ್ಯಾಸ್ ಸ್ಟ್ರೀಟ್ ಬೇಸಿನ್ ಸೇರಿದಾಗ ಇಬ್ಬರಿಗೂ ಏನೋ ಗೆದ್ದ ಖುಷಿ. ಆಮೇಲೆ ನಾನು ನಕ್ಷೆ ಬಿಡಿಸಿದೆ. ಮುಂದೆ ಇನ್ನೊಂದು ಕಾಲುವೆಯಲ್ಲಿ ಫೇಝ್ಲಿ ಅನ್ನೋ ಊರಿನವರೆಗೆ ಲಾಕುಗಳು ಎಷ್ಟು ಅಂತ ಬೆರಳಿಟ್ಟು ಎಣಿಸಿದೆ. ಫಾರ್ಮರ್ಸ್ ಬ್ರಿಜ್‌ನಲ್ಲಿ 13, ಆಸ್ಟನ್‌ನಲ್ಲಿ 11, ಮಿನ್‌ವರ್ತ್‌ನಲ್ಲಿ 3, ಕರ್ಡ್‌ವರ್ತ್‌ನಲ್ಲಿ 11. ಒಟ್ಟು 38. ಇವರ ಎಡ ಮೊಣಕಾಲಿಗೆ ಆಪರೇಷನ್ ಆಗಿ ಆಗಿನ್ನೂ ಏಳು ತಿಂಗಳು. ಚುಕ್ಕಾಣಿ ಹಿಡೀಬಹುದು, ಗೇಟು ತಳ್ಳೋಕಾಗಲ್ಲ. ಅಂದ್ರೆ 38 ಲಾಕಿಗೂ ನಾನೊಬ್ಬಳೇ.

ಲಾಕ್ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ನಮ್ಮ ಮಾತಲ್ಲೇ ಹೇಳ್ತೀನಿ. ಕಾಲುವೆ ಇಳಿಜಾರಾಗಿ ಹರಿಯೋದಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಒಂದೊಂದು ಮೆಟ್ಟಿಲಿಗೂ ಒಂದು ಇಟ್ಟಿಗೆ ತೊಟ್ಟಿ, ಹಿಂದೆ ಮುಂದೆ ಮರದ ಗೇಟು. ಗೇಟಿನಲ್ಲೂ ಪಕ್ಕದ ನೆಲದಲ್ಲೂ ತೂಬು. ಇಲ್ಲಿಯವರು ಅದನ್ನು ಪ್ಯಾಡಲ್ ಅಂತಾರೆ, ಆದರೆ ನಮ್ಮ ಕೆರೆ ತೂಬಿನ ಕೆಲಸವೇ. ಮೇಲಿನ ತೂಬು ಎತ್ತಿದರೆ ತೊಟ್ಟಿ ತುಂಬುತ್ತದೆ. ದೋಣಿ ಒಳಗೆ ಬಂದ ಮೇಲೆ ಮೇಲಿನ ಗೇಟು ಮುಚ್ಚಿ, ತೂಬು ಇಳಿಸಿ, ಕೆಳಗಿನ ತೂಬು ಎತ್ತಬೇಕು. ನೀರು ಇಳಿದ ಹಾಗೆ ದೋಣಿಯೂ ಇಳಿಯುತ್ತದೆ. ಒಂದು ಸಲಕ್ಕೆ ಸುಮಾರು 1 ಲಕ್ಷ ಲೀಟರ್ ನೀರು ಕೆಳಗೆ ಹೋಗುತ್ತದೆ. ಇಷ್ಟಕ್ಕೂ ಮೋಟಾರಿಲ್ಲ, ಕರೆಂಟಿಲ್ಲ. ವಿಂಡ್‌ಲಾಸ್ ಅನ್ನೋ ಒಂದು ಬಾಗಿದ ಕಬ್ಬಿಣದ ಹಿಡಿ, ಮತ್ತೆ ಮನುಷ್ಯರ ಬೆನ್ನು.

ಬೆನ್ನು ಅಂತ ಸುಮ್ನೆ ಹೇಳಲಿಲ್ಲ. ಗೇಟಿನ ತೊಲೆಗೆ ಬೆನ್ನು ಕೊಟ್ಟು, ಕಾಲಲ್ಲಿ ನೆಲ ಒದ್ದು ಹಿಂದಕ್ಕೆ ನಡೆಯಬೇಕು. ಕಾಲು ಜಾರದಿರಲಿ ಅಂತ ನೆಲದಲ್ಲಿ ಒಂದು ಅಂಗುಲ ಮೇಲೆದ್ದ ಇಟ್ಟಿಗೆಗಳನ್ನು ಕಮಾನಿನ ಹಾಗೆ ಸಾಲಾಗಿ ಹುಗಿದಿರುತ್ತಾರೆ. ಮುಂದಿನ ಸಲ ದಂಡೆ ಮೇಲೆ ನಡೆಯುವಾಗ ನೋಡಿ. ಎಷ್ಟೋ ವರ್ಷಗಳ ಹಿಮ್ಮಡಿ ತಾಗಿ ಅವುಗಳ ಅಂಚು ಸವೆದಿದೆ. ನಾನು ಆ ಇಟ್ಟಿಗೆಗಳ ಮೇಲೆ ಸಾವಿರ ಸಲ ನಡೆದಿದ್ದೆ. ಅವು ಯಾಕಿವೆ ಅಂತ ಒಮ್ಮೆಯೂ ಯೋಚಿಸಿರಲಿಲ್ಲ.

ಅವತ್ತು ರಾತ್ರಿ ಬಳಗದ ವಾಟ್ಸಾಪ್ ಗುಂಪಿಗೆ ಒಂದು ಸಂದೇಶ ಬರೆದು ಅಳಿಸಿದೆ. ಮತ್ತೆ ಬರೆದೆ, ಮತ್ತೆ ಅಳಿಸಿದೆ. ನಾವು ನಮ್ಮ ಖುಷಿಗೆ ದೋಣಿ ಹತ್ತಿದವರು, ಭಾನುವಾರ ಬೆಳಿಗ್ಗೆ ಯಾರನ್ನಾದರೂ ಯಾಕೆ ಎಬ್ಬಿಸಬೇಕು? ಊರಲ್ಲಾಗಿದ್ದರೆ ಈ ಸಂಕೋಚ ಬರುತ್ತಿರಲಿಲ್ಲ. ಸಾರಿಗೆ ಹುಣಸೆಹಣ್ಣು ಸಾಲದಿದ್ದರೆ ಪಕ್ಕದ ಮನೆ ಬಾಗಿಲು ತಟ್ಟುತ್ತಿದ್ದೆವು. ಇಲ್ಲಿ ಬಂದು ಯಾರಿಗೂ ತೊಂದರೆ ಕೊಡಬಾರದು ಅಂತ ಕಲಿತೆವು. ಒಳ್ಳೆಯದೇ, ಆದರೆ ಸ್ವಲ್ಪ ಜಾಸ್ತಿಯೇ ಕಲಿತೆವು. ಕೊನೆಗೆ ಇವರೇ ನನ್ನ ಕೈಯಿಂದ ಫೋನ್ ತಗೊಂಡು ಎರಡೇ ಸಾಲು ಹಾಕಿದರು: "ನಾಳೆ ಬೆಳಿಗ್ಗೆ 8ಕ್ಕೆ ಕೇಂಬ್ರಿಯನ್ ವಾರ್ಫ್. ಗೇಟು ತಳ್ಳೋಕೆ ಜನ ಬೇಕು."

ಐದು ಜನ ಬಂದರು. ಸೋಲಿಹಲ್‌ನ ಅಕ್ಕ ಮತ್ತು ಭಾವ, ಅವರ ಜೊತೆ ಚಿತ್ರಾನ್ನದ ಡಬ್ಬಿ. ವಿಶ್ವವಿದ್ಯಾಲಯಕ್ಕೆ ಓದೋಕೆ ಬಂದ ಇಬ್ಬರು ಹುಡುಗರು. ನಮ್ಮ ಬಳಗದ ಹಿರಿಯರೊಬ್ಬರು, ಮಂಡ್ಯದ ಕಡೆಯವರು. ಅವರ ಅಜ್ಜ ಊರಿನ ಕೆರೆಗೆ ನೀರುಗಂಟಿಯಾಗಿದ್ದರಂತೆ. ಅವರು ಮೊದಲ ಲಾಕಿನ ಬಳಿ ನಿಂತು, ತೂಬಿನ ಹಲ್ಲುಪಟ್ಟಿಯನ್ನೂ ಅದನ್ನು ತಡೆದು ನಿಲ್ಲಿಸುವ ಕೊಂಡಿಯನ್ನೂ ಕೈಯಿಂದ ಮುಟ್ಟಿ ನೋಡಿದರು. ವಿಂಡ್‌ಲಾಸ್ ತಗೊಂಡು ತಿರುಗಿಸಿದರು. ಟಕ್, ಟಕ್, ಟಕ್. ಕೆಳಗೆ ನೀರು ನುಗ್ಗುವ ಸದ್ದು ಬಂತು. ಆ ಸದ್ದಿಗೆ ಅವರ ಮುಖ ಅರಳಿದ್ದು ಇನ್ನೂ ಕಣ್ಣ ಮುಂದಿದೆ.

ಫಾರ್ಮರ್ಸ್ ಬ್ರಿಜ್‌ನ ಈ 13 ಲಾಕುಗಳಿಗೆ ಹಳೇ ಹದಿಮೂರು ಅಂತಲೇ ಹೆಸರು. ಫೇಝ್ಲಿಗೆ ಹೋಗುವ ಈ ಕಾಲುವೆ ಪೂರ್ತಿ ತೆರೆದದ್ದು 1789ರಲ್ಲಿ, ಇಂಜಿನಿಯರ್ ಜಾನ್ ಸ್ಮೀಟನ್. ಮೇಲಿಂದ ಕೆಳಕ್ಕೆ ಸುಮಾರು 80 ಅಡಿ ಇಳಿತ. ಒಂದು ಕಾಲಕ್ಕೆ ಕಲ್ಲಿದ್ದಲು ದೋಣಿಗಳ ಸಾಲು ಎಷ್ಟು ಉದ್ದ ಇರುತ್ತಿತ್ತು ಅಂದರೆ ಗ್ಯಾಸ್ ದೀಪ ಹಾಕಿ ರಾತ್ರಿಯೂ ಲಾಕು ನಡೆಸುತ್ತಿದ್ದರು. ಈಗ ಮೇಲೆ ಊರು ಬೆಳೆದುಬಿಟ್ಟಿದೆ. ಲಾಕುಗಳು ಆಫೀಸು ಕಟ್ಟಡಗಳ ಕಂಬಗಳ ನಡುವೆ, ಸ್ನೋ ಹಿಲ್ ರೈಲು ಹಳಿಯ ಕಮಾನಿನ ಕೆಳಗೆ ಇಳಿಯುತ್ತವೆ. ಮೇಲೆ ರೈಲು ಹೋಗುತ್ತಿರುತ್ತದೆ, ಕೆಳಗೆ ಕತ್ತಲಲ್ಲಿ ನಾವು ಗೇಟು ತಳ್ಳುತ್ತಿರುತ್ತೇವೆ.

ಮೊದಲ ನಾಲ್ಕು ಲಾಕು ಹಬ್ಬದ ಹಾಗೆ ಹೋಯಿತು. ಐದನೆಯದರಲ್ಲಿ ಎಡವಟ್ಟಾಯ್ತು. ಹುಡುಗರು ಉತ್ಸಾಹದಲ್ಲಿ ಮುಂದೆ ಓಡಿ ಲಾಕು ತುಂಬಿಸೋಣ ಅಂತ ಮೇಲಿನ ತೂಬು ಎತ್ತಿದ್ದಾರೆ. ಕೆಳಗಿನ ಒಂದು ತೂಬು ಪೂರ್ತಿ ಇಳಿದಿರಲಿಲ್ಲ. ಮೇಲಿಂದ ಬಂದ ನೀರು ಲಾಕಿನಲ್ಲಿ ನಿಲ್ಲದೆ ಸೀದಾ ಕೆಳಕ್ಕೆ. ಇಲ್ಲಿ ಎರಡು ಲಾಕುಗಳ ನಡುವೆ ಇರೋ ನೀರು ಬಹಳ ಕಡಿಮೆ, ನೋಡನೋಡುತ್ತಿದ್ದಂತೆ ಖಾಲಿಯಾಗುತ್ತದೆ. ಇವರು ನಾಲ್ಕನೆಯ ಲಾಕಿನಿಂದ ದೋಣಿ ಹೊರಗೆ ತಂದದ್ದೇ ತಡ, ಅಡಿ ಕೆಸರಿಗೆ ತಾಗಿತು. ದೋಣಿ ಒಂದು ಪಕ್ಕಕ್ಕೆ ವಾಲಿತು. ಒಳಗೆ ತಟ್ಟೆ ಲೋಟ ಬಿದ್ದ ಸದ್ದು. ಯಾರಿಗೂ ಏನು ಮಾಡಬೇಕು ಅಂತ ತೋಚಲಿಲ್ಲ.

ಆಗ ಕೆಳಗಿನಿಂದ ಒಬ್ಬ ಅಜ್ಜಿ ನಡೆದು ಬಂದರು. ಎಪ್ಪತ್ತರ ಮೇಲೆ ವಯಸ್ಸು, ಸೊಂಟದ ಬೆಲ್ಟಿಗೆ ವಿಂಡ್‌ಲಾಸ್ ಸಿಕ್ಕಿಸಿದ್ದರು. ದೋಣಿಯಲ್ಲೇ ಒಬ್ಬರೇ ಬಾಳುವವರು, ಏಳನೆಯ ಲಾಕಿನ ಹತ್ತಿರ ಮೇಲೆ ಬರುತ್ತಿದ್ದರು. ನೀರು ಸುಮ್ಮನೆ ಉಕ್ಕಿ ಬರುತ್ತಿದ್ದದ್ದು ನೋಡಿ, ಮೇಲೆ ಏನೋ ಆಗಿದೆ ಅಂತ ಹೊರಟು ಬಂದಿದ್ದರು. ಯಾರ ಮೇಲೂ ರೇಗಲಿಲ್ಲ. ಐದನೆಯ ಲಾಕಿನ ತೂಬುಗಳನ್ನೆಲ್ಲ ಇಳಿಸಿದರು. ನಾಲ್ಕನೆಯದಕ್ಕೆ ಹೋಗಿ ಮೇಲಿಂದ ಸ್ವಲ್ಪ ಸ್ವಲ್ಪವೇ ನೀರು ಬಿಟ್ಟರು. ಅರ್ಧ ಗಂಟೆಯಲ್ಲಿ ದೋಣಿ ಅಲುಗಾಡಿ ತೇಲಿತು. ಆಮೇಲೆ ಹುಡುಗರನ್ನು ಹತ್ತಿರ ಕರೆದು, "ಮೊದಲು ಕೆಳಗಿನದು ಮುಚ್ಚಿದೆಯಾ ಅಂತ ಕಣ್ಣಾರೆ ನೋಡು. ಆಮೇಲೆ ಮೇಲಿನದಕ್ಕೆ ಕೈ ಹಾಕು" ಅಂದರು. ಹುಡುಗರು ಉಳಿದ ಲಾಕುಗಳಲ್ಲಿ ಅದನ್ನು ಗಟ್ಟಿಯಾಗಿ ಹೇಳಿಕೊಂಡೇ ತೂಬು ಎತ್ತುತ್ತಿದ್ದರು.

ಇನ್ನೊಂದು ವಿಷಯವನ್ನೂ ಅವರೇ ಕಲಿಸಿದರು. ಎದುರಿಂದ ದೋಣಿ ಬಂದರೆ ಅದು ಅದೃಷ್ಟ. ಅವರು ಹತ್ತಿ ಬಿಟ್ಟ ಲಾಕು ತುಂಬಿರುತ್ತದೆ, ಇಳಿಯುವ ನಮಗೆ ಸಿದ್ಧ. ನಾವು ಇಳಿದು ಬಿಟ್ಟದ್ದು ಖಾಲಿ ಇರುತ್ತದೆ, ಹತ್ತುವ ಅವರಿಗೆ ಸಿದ್ಧ. ಅದಕ್ಕೆ ಎದುರು ದೋಣಿ ಕಂಡರೆ ಗೇಟು ಮುಚ್ಚದೆ ಬಿಟ್ಟು ಹೋಗೋದು ಇಲ್ಲಿನ ಮರ್ಯಾದೆ. ಆ ಅಜ್ಜಿಯ ದೋಣಿ ನಮ್ಮನ್ನು ದಾಟಿದಾಗ ಅಕ್ಕ, ಭಾವ ಇಬ್ಬರೂ ನಮ್ಮನ್ನು ಬಿಟ್ಟು ಅವರ ಜೊತೆ ಮೇಲಕ್ಕೆ ಹೊರಟರು. ತುದಿಯವರೆಗೂ ಅವರ ಗೇಟು ತಳ್ಳಿಕೊಟ್ಟು, ಓಡೋಡಿ ಮತ್ತೆ ನಮ್ಮನ್ನು ಸೇರಿದರು. ಅಷ್ಟೂ ಲಾಕಿನಲ್ಲಿ ಅಜ್ಜಿ ಏಣಿ ಹತ್ತಬೇಕಾಗಿ ಬರಲಿಲ್ಲವಂತೆ. ಒಬ್ಬರೇ ದೋಣಿ ನಡೆಸುವವರು ಪ್ರತಿ ಲಾಕಿನಲ್ಲೂ ಹಗ್ಗ ಹಿಡಿದುಕೊಂಡು ಜಾರುವ ಕಬ್ಬಿಣದ ಏಣಿ ಹತ್ತಿ ಇಳಿಯಬೇಕು. ಅದು ನನಗೆ ಅವತ್ತೇ ಗೊತ್ತಾದದ್ದು.

ಈಗ ನನ್ನ ಕೋರಿಕೆ. ಈ ಬೇಸಿಗೆ ಕಾಲುವೆ ದಂಡೆಗೆ ಹೋದಾಗ ಸೇತುವೆ ಮೇಲೆ ನಿಂತು ಫೋಟೋ ತೆಗೆದು ಬಂದುಬಿಡಬೇಡಿ. ಇಬ್ಬರೇ ಇರೋ ದೋಣಿ, ವಯಸ್ಸಾದವರು, ಮಗು ಎತ್ತಿಕೊಂಡವರು ಕಂಡರೆ ಹತ್ತಿರ ಹೋಗಿ ಕೇಳಿ, "ಸಹಾಯ ಬೇಕಾ?" ಅಂತ. ಕೇಳದೆ ಮಾತ್ರ ಏನನ್ನೂ ಮುಟ್ಟಬೇಡಿ. ಕೆಲವರಿಗೆ ತಮ್ಮದೇ ಲಯ ಇರುತ್ತದೆ, ಬೇಡ ಅಂದರೆ ಬೇಸರ ಮಾಡಿಕೊಳ್ಳಬಾರದು. ಬೇಕು ಅಂದರೆ ಗೇಟು ತಳ್ಳಿಕೊಡಿ, ಅದೇ ದೊಡ್ಡ ಉಪಕಾರ. ತೂಬು ಎತ್ತೋದು ಚುಕ್ಕಾಣಿ ಹಿಡಿದವರು ತಲೆಯಾಡಿಸಿದ ಮೇಲೆ ಮಾತ್ರ.

ಇದನ್ನು ಒತ್ತಿ ಹೇಳೋದಕ್ಕೆ ಕಾರಣ ಇದೆ. ಮೇಲಿನ ಗೇಟಿನ ಬುಡದಲ್ಲಿ ನೀರೊಳಗೆ ಒಂದು ಕಲ್ಲಿನ ಕಟ್ಟೆ ಇರುತ್ತದೆ. ಇಲ್ಲಿ ಅದಕ್ಕೆ ಸಿಲ್ ಅಂತಾರೆ, ನಮ್ಮ ಹೊಸ್ತಿಲು. ಅದು ಎಲ್ಲಿವರೆಗಿದೆ ಅಂತ ಲಾಕಿನ ಅಂಚಿಗೆ ಬಿಳಿ ಗೆರೆ ಎಳೆದಿರುತ್ತಾರೆ. ನೀರು ಇಳಿಯುವಾಗ ದೋಣಿಯ ಹಿಂಭಾಗ ಆ ಗೆರೆಯ ಹಿಂದೆ ಉಳಿದರೆ ಹೊಸ್ತಿಲ ಮೇಲೆ ಕೂತುಬಿಡುತ್ತದೆ. ಮುಂಭಾಗ ಮಾತ್ರ ಇಳಿಯುತ್ತಾ ಹೋಗಿ ದೋಣಿ ಮುಳುಗಬಹುದು. ಹೊಸ್ತಿಲ ಮೇಲೆ ಕೂರಬಾರದು ಅಂತ ಮನೆಯಲ್ಲಿ ಹೇಳ್ತಾರಲ್ವಾ, ಇಲ್ಲಿ ಅದು ಜೀವದ ಪ್ರಶ್ನೆ. ಹಾಗೇನಾದರೂ ಕಂಡರೆ ಕೂಗಿ, ಕೆಳಗಿನ ತೂಬು ತಕ್ಷಣ ಇಳಿಸಿ. ವಿಂಡ್‌ಲಾಸನ್ನು ಹಾಗೇ ಸಿಕ್ಕಿಸಿಟ್ಟು ಕೈ ಬಿಡಬೇಡಿ. ಕೊಂಡಿ ಜಾರಿದರೆ ಅದು ಗಿರ್ರನೆ ತಿರುಗಿ ಹಾರುತ್ತದೆ. ಮಕ್ಕಳನ್ನು ಖಂಡಿತ ಕರೆದುಕೊಂಡು ಹೋಗಿ, ಕೈ ಮಾತ್ರ ಹಿಡಿದುಕೊಂಡಿರಿ.

ಇದು ಹಿಡಿಸಿದವರಿಗೆ ಇನ್ನೂ ಒಂದು ದಾರಿ ಇದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನ ಸುಮಾರು 2,000 ಮೈಲಿ ಜಲಮಾರ್ಗಗಳನ್ನು 2012ರಿಂದ ನೋಡಿಕೊಳ್ಳುತ್ತಿರುವುದು ಕೆನಾಲ್ ಅಂಡ್ ರಿವರ್ ಟ್ರಸ್ಟ್. ಅವರು ಸ್ವಯಂಸೇವಕ ಲಾಕ್ ಕೀಪರ್‌ಗಳನ್ನು ಸೇರಿಸಿಕೊಂಡು ತರಬೇತಿ ಕೊಡುತ್ತಾರೆ. ವಾರಿಕ್ ಹತ್ತಿರ ಹ್ಯಾಟನ್‌ನ 21 ಲಾಕುಗಳಲ್ಲಿ ಅವರನ್ನು ನೋಡಿರಬಹುದು. ನಮ್ಮ ಮಂಡ್ಯದ ಹಿರಿಯರು ಈ ಜನವರಿಯಲ್ಲಿ ಅರ್ಜಿ ಹಾಕಿದ್ದಾರೆ.

ಮೇ ತಿಂಗಳ ಎರಡನೇ ಭಾನುವಾರ ನಮ್ಮ ಬಳಗದ ಇನ್ನೊಂದು ದಂಪತಿ ದೋಣಿಯಲ್ಲಿ ಇದೇ ದಾರಿ ಇಳಿಯುತ್ತಿದ್ದಾರೆ. ಜೊತೆಗೆ ಊರಿನಿಂದ ಬಂದಿರೋ ಅತ್ತೆ ಮಾವ. ನಾಲ್ಕು ಜನ ಬೇಕು. ಬೆಳಿಗ್ಗೆ 8ಕ್ಕೆ ಕೇಂಬ್ರಿಯನ್ ವಾರ್ಫ್. ಜಾರದ ಬೂಟು ಹಾಕಿಕೊಂಡು ಬನ್ನಿ, ಕೈಗವಸು ಇದ್ದರೆ ತನ್ನಿ. ವಿಂಡ್‌ಲಾಸ್ ನಮ್ಮ ಮನೆಯಲ್ಲಿ ಈಗ ಮೂರಿವೆ. ಈ ಸಲ ಚಿತ್ರಾನ್ನ ನಂದು.