ಶಿಕಾಗೋ ಶಾಲೆಗಳು ಯಾರ ಕೈಯಲ್ಲಿವೆ?

ಎಲ್ಲರಿಗೂ ನಮಸ್ಕಾರ. ನಮ್ಮೂರ ಪಬ್ಲಿಕ್ ಶಾಲೆಗಳನ್ನು ನಡೆಸುವುದು ಮೇಯರಾ, ಶಿಕ್ಷಣ ಬೋರ್ಡಾ ಅಂತ ಹಲವರು ಕೇಳಿದ್ದೀರಿ.

1995ರಿಂದ ಬೋರ್ಡಿನ ಎಲ್ಲ ಸದಸ್ಯರನ್ನೂ ಮೇಯರೇ ನೇಮಿಸುತ್ತಿದ್ದರು. 2013ರಲ್ಲಿ ಸುಮಾರು 50 ಶಾಲೆಗಳನ್ನು ಮುಚ್ಚಲು ತೀರ್ಮಾನಿಸಿದ್ದು ಅಂಥ ಬೋರ್ಡೇ. ಪೋಷಕರು ಎಷ್ಟು ಬೇಡಿಕೊಂಡರೂ ಕೇಳಲಿಲ್ಲ. ಆ ನೋವು ಇನ್ನೂ ಆರಿಲ್ಲ. 2021ರಲ್ಲಿ ರಾಜ್ಯದ ಕಾನೂನು ಬದಲಾಯಿತು. 2024ರ ನವೆಂಬರ್‌ನಲ್ಲಿ ಮೊದಲ ಚುನಾವಣೆ ನಡೆಯಿತು. 21 ಜನರ ಬೋರ್ಡಿಗೆ 10 ಜನರನ್ನು ಮತದಾರರು ಆರಿಸಿದರು, ಉಳಿದ 11 ಜನರನ್ನು ಮೇಯರ್ ನೇಮಿಸಿದರು. ಕಾನೂನಿನ ಪ್ರಕಾರ 2027ರ ಜನವರಿಯಿಂದ 21 ಜನರೂ ಚುನಾಯಿತರೇ.

ಬಜೆಟ್ ಒಪ್ಪುವುದು, ಇಡೀ ವ್ಯವಸ್ಥೆಯ ಮುಖ್ಯಸ್ಥರನ್ನು ನೇಮಿಸುವುದು ಈ ಬೋರ್ಡಿನ ಕೆಲಸ.

ಆದರೆ ನಮಗೆ ಜಾಸ್ತಿ ಹತ್ತಿರದ್ದು ಇನ್ನೊಂದಿದೆ: ಸ್ಥಳೀಯ ಶಾಲಾ ಮಂಡಳಿ, ಎಲ್‌ಎಸ್‌ಸಿ. 1988ರ ಕಾನೂನಿನಿಂದ ಬಂದದ್ದು. ಹೆಚ್ಚಿನ ಶಾಲೆಗಳಲ್ಲಿ ಇದೆ. ಅದರಲ್ಲಿ 6 ಜನ ಪೋಷಕರೇ ಇರುತ್ತಾರೆ. ಪ್ರಿನ್ಸಿಪಾಲರನ್ನು ಆರಿಸುವುದು, ಶಾಲೆಯ ಖರ್ಚಿನ ಯೋಜನೆ ಒಪ್ಪುವುದು ಈ ಮಂಡಳಿಯೇ. ದೊಡ್ಡ ಅಧಿಕಾರ ಅಲ್ವಾ? ಎಲ್‌ಎಸ್‌ಸಿ ಚುನಾವಣೆಯಲ್ಲಿ ಮತ ಹಾಕಲು, ಸ್ಪರ್ಧಿಸಲು ಅಮೆರಿಕದ ಪೌರತ್ವ ಬೇಕಿಲ್ಲ. ವೀಸಾದಲ್ಲಿ ಇದ್ದೇವೆ, ನಮಗೇಕೆ ಅಂತ ಸುಮ್ನೆ ಕೂರಬೇಡಿ. ಚುನಾವಣೆ ಎರಡು ವರ್ಷಕ್ಕೊಮ್ಮೆ, ಸಮ ಸಂಖ್ಯೆಯ ವರ್ಷಗಳಲ್ಲಿ.

ಮಂಡಳಿಯ ಸಭೆಗಳಿಗೆ ಯಾರು ಬೇಕಾದರೂ ಹೋಗಬಹುದು. ನಿಮ್ಮ ಮಗುವಿನ ಶಾಲೆಯ ಆಫೀಸಿನಲ್ಲಿ ಮುಂದಿನ ಸಭೆಯ ದಿನಾಂಕ ಕೇಳಿ, ದಯವಿಟ್ಟು ಇಲ್ಲಿ ಹಾಕಿ. ಒಬ್ಬರೇ ಹೋಗಲು ಹಿಂಜರಿಕೆ ಇದ್ದರೆ ತಿಳಿಸಿ, ಜೊತೆಗೆ ಬರುತ್ತೇನೆ.